ಅಂಪೈರ್ ಇಲ್ಲದ ಫೋಟೋ

ಸೆಪ್ಟೆಂಬರ್ 2, ಸೋಮವಾರ

ಇವತ್ತೂ ಟೇಪ್ ಬಿಚ್ಚಿಲ್ಲ. ಕ್ಯಾಮೆರಾ ಜೊತೆಗೇ ಬಂದ ಪುಟ್ಟ ಜೂಮ್ ಲೆನ್ಸನ್ನು 50 ಎಂಎಂಗೆ ತಿರುಗಿಸಿ, ಅದು ಅಲ್ಲಾಡದ ಹಾಗೆ ಟೇಪ್ ಸುತ್ತಿಟ್ಟಿದ್ದೇನೆ. ಹೊಸ ಲೆನ್ಸ್ ಕೊಳ್ಳುವ ಮೊದಲು ಒಂದೇ ಅಳತೆಯಲ್ಲಿ ಒಂದು ವಾರ ಬದುಕಿ ನೋಡಿ ಅಂತ ಇಂಟರ್ನೆಟ್ಟಲ್ಲಿ ಯಾರೋ ಹೇಳಿದ್ದರು. ಮದುವೆಗೂ ಇಂಥದ್ದೊಂದು ಟೇಪ್ ಇರಬೇಕಿತ್ತು ಅಂದೆ.

"ಈಗೇನು, ಬಿಚ್ಚಿಬಿಡ್ತೀಯಾ?" ಅಂದರು ಇವರು.

ಬಿಚ್ಚೋದಾ! ಇನ್ನೆರಡು ಸುತ್ತು ಸುತ್ತುತ್ತೀನಿ ಅಂದೆ. ನಕ್ಕು ನಕ್ಕು ಇಬ್ಬರ ಚಹಾನೂ ಆರಿಹೋಯಿತು. Heaven ಅಂತ ಬರೆಯೋಣ ಅನ್ನಿಸುತ್ತೆ. ಬರೆಯಲ್ಲ. ಕನ್ನಡದಲ್ಲೇ ಬರೆಯುತ್ತೇನೆ ಅಂತ ಶಪಥ ಮಾಡಿದ್ದೇನಲ್ಲ — ಸ್ವರ್ಗ!

ಆದರೆ 50 ಸಾಲದು. ಅಡುಗೆಮನೆಯಲ್ಲಿ ಅತ್ತೆಯ ಮುಖ ತೆಗೆದರೆ ಮುದ್ದಾಗಿ ಬರುತ್ತದೆ. ಕ್ಲಬ್ಬಿನ ಹಾಲ್‌ನಲ್ಲಿ ವಾಲಿಬಾಲ್ ಆಡುವವರನ್ನು ತೆಗೆದರೆ ಇರುವೆ ಸಾಲು. ನನಗೆ ಎರಡೂ ಬೇಕು. ಕ್ಲಬ್ ಸೆಕ್ರೆಟರಿ ಹೇಳಿದ್ದು ಸ್ಪಷ್ಟವಾಗಿದೆ — ಒಬ್ಬೊಬ್ಬ ಆಟಗಾರನ ಮುಖಚಿತ್ರ, ಜೊತೆಗೆ ಮ್ಯಾಚಿನ ಫೋಟೋ, ಎರಡಕ್ಕೂ ಒಬ್ಬರೇ ಇರಬೇಕು. ಸೆಮಿಫೈನಲ್ ದಿನ ತೆಗೆದು ತೋರಿಸಿ, ಚೆನ್ನಾಗಿದ್ದರೆ ಇಡೀ ವರ್ಷದ ಕೆಲಸ ನಿಮ್ಮದು ಅಂದರು. "ನಿಮ್ಮದು" ಅಂದದ್ದು ನನ್ನ ಮುಖ ನೋಡಿ ಅಲ್ಲ, ಇವರ ಮುಖ ನೋಡಿ.

ಇವರು ಅಲ್ಲಿನ ಅಂಪೈರ್. ನಾನು ಈ ಊರಿಗೆ ಬಂದಾಗಿನಿಂದ "ಅಂಪೈರ್ ಮನೆಯವರು". ಮೊದಲು ಇದು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಈಗಲೂ ಅನ್ನುತ್ತದೆ, ಸುಳ್ಳೇಕೆ. ಆದರೆ ಹಿಂದಿನ ಊರಲ್ಲಿ ನಾನು ಕೆಲಸ ಮಾಡುತ್ತಿದ್ದ ಫೋಟೋ ಸ್ಟುಡಿಯೋಗೆ ಬಂದವರು ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. "ಆ ಹುಡುಗಿ ಇಲ್ವಾ? ಅವಳೇ ತೆಗೀಲಿ" ಅಂತ ಕಾಯುತ್ತಾ ಕೂರುತ್ತಿದ್ದರು. ಅದು ಬೇಕು ನನಗೆ. ವಾಪಸ್ ಬೇಕು.


ಸೆಪ್ಟೆಂಬರ್ 4, ಬುಧವಾರ

ಲೆನ್ಸ್ ಅಂಗಡಿ. ಗಾಜಿನ ಕಪಾಟಿನ ಮುಂದೆ ನಿಂತು ನಾನು ಒಡವೆ ಅಂಗಡಿಯಲ್ಲೂ ಇಷ್ಟು ನಿಟ್ಟುಸಿರು ಬಿಟ್ಟಿರಲಿಲ್ಲ.

ನನಗೆ ಬೇಕಾದದ್ದು 70-200, ಅದೂ 2.8. ದೂರದ್ದನ್ನು ಹತ್ತಿರ ತರುತ್ತೆ, ಮಂದ ಬೆಳಕಲ್ಲೂ ಕಣ್ಣು ಅರಳಿಸಿಕೊಂಡು ನೋಡುತ್ತೆ. ಬೆಲೆ ಕೇಳಿ ಇವರು "ಇದಕ್ಕೆ ಚಕ್ರ ಬರತ್ತಾ?" ಅಂದರು. ಸೆಕೆಂಡ್ ಹ್ಯಾಂಡ್ ಒಂದಿತ್ತು. ಬೆಳಕಿಗೆ ಹಿಡಿದು ನೋಡಿದೆ — ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಬೇಡ.

ನಮ್ಮ ಹತ್ತಿರ ಇರುವುದು ಮದುವೆಗೆ ಬಂದ ಉಡುಗೊರೆಯ ದುಡ್ಡು. ಅದರಲ್ಲಿ ಫ್ರಿಜ್ ತಗೊಳ್ಳಬೇಕಿತ್ತು. ಹಳೇ ಫ್ರಿಜ್ ತಣ್ಣಗೆ ಮಾಡುವುದು ಬಿಟ್ಟು ಬರೀ ಗೊರಕೆ ಹೊಡೆಯುತ್ತಿದೆ. ಅತ್ತೆಯೇ "ಮೊದಲು ಅವಳ ಕಣ್ಣು, ಆಮೇಲೆ ನನ್ನ ಹಾಲು" ಅಂದರು. ಅಪ್ಪಿಕೊಂಡುಬಿಟ್ಟೆ. ಕೈಯಲ್ಲಿ ಸೌಟು ಇತ್ತು ಪಾಪ.

ಹಾಗಾಗಿ ಒಂದೇ ಲೆನ್ಸ್. ತಪ್ಪು ಮಾಡುವ ಹಾಗಿಲ್ಲ.

ಅಂಗಡಿಯವನು 70-300 ತೆಗೆದಿಟ್ಟ. ಉದ್ದಕ್ಕೆ, ಕಪ್ಪಗೆ, ಗಂಭೀರವಾಗಿ. ನಮ್ಮ ದುಡ್ಡಿಗೆ ಸರಿಯಾಗಿ. "ಮೇಡಂ, ಸ್ಪೋರ್ಟ್ಸ್ ಅಂದ್ಮೇಲೆ ಉದ್ದ ಇರ್ಲೇಬೇಕು. ಇದ್ರಲ್ಲಿ ಹಾಲ್‌ನ ಆ ಕೊನೇಲಿ ಕೂತ ಸೊಳ್ಳೆ ಕಣ್ಣೂ ಕಾಣತ್ತೆ."

ಅದರ ಅಪರ್ಚರ್ 4.5ರಿಂದ 5.6. ಅಂದರೆ ಒಳಗೆ ಬಿಡುವ ಬೆಳಕು ಕಡಿಮೆ. ಹಾಲ್ ಒಳಗೆ ಕಷ್ಟ ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು! ಆದರೆ ಇವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಮಗು ಎತ್ತಿಕೊಂಡ ಹಾಗೆ ತೂಗಿದರು. "ಇದು ಹಾಕ್ಕೊಂಡು ನೀನು ಕೋರ್ಟ್ ಪಕ್ಕ ನಿಂತ್ರೆ ಹೆಂಗಿರತ್ತೆ ಗೊತ್ತಾ? ಪೇಪರ್‌ನವರ ಥರ!"

ಆ ಕಣ್ಣು ನೋಡಿ ಬೇಡ ಅನ್ನುವುದು ಹೇಗೆ?

ತಗೊಂಡೆವು. ಎರಡು ವಾರದೊಳಗೆ ಬೇರೆ ಲೆನ್ಸಿಗೆ ಬದಲಾಯಿಸಿಕೊಡುತ್ತಾರಂತೆ, ದುಡ್ಡು ಮಾತ್ರ ವಾಪಸ್ ಇಲ್ಲ. ಅತ್ತೆ ಡಬ್ಬಿ ತೆರೆದು ನೋಡಿ, "ಇಷ್ಟು ದೊಡ್ಡದಾ! ಇದ್ರಲ್ಲಿ ಹಾಲು ಕಾಯಿಸಬಹುದು."


ಸೆಪ್ಟೆಂಬರ್ 7, ಶನಿವಾರ

ಅಳಬೇಕೋ ನಗಬೇಕೋ.

ಪ್ರಾಕ್ಟೀಸ್ ಮ್ಯಾಚ್. ಹಾಲ್‌ನಲ್ಲಿ ನಾಲ್ಕು ಮಂಕು ದೀಪ. ಎಗರಿ ಹೊಡೆಯುವವನನ್ನು ಹಿಡಿದಿಡುವಷ್ಟು ಶಟರ್ ಸ್ಪೀಡ್ ಇಟ್ಟರೆ ಚಿತ್ರ ಕತ್ತಲೆ. ಕತ್ತಲಲ್ಲೂ ಕಾಣಲಿ ಅಂತ ISO ಏರಿಸಿದರೆ ಮುಖದ ತುಂಬಾ ರವೆ ಎರಚಿದ ಹಾಗೆ. ಸ್ಪೀಡ್ ಇಳಿಸಿದರೆ ಆಟಗಾರನಿಗೆ ಕೈಯೇ ಇಲ್ಲ, ಭುಜದಿಂದ ಹೊಗೆ ಬರುತ್ತಿದೆ! ಚೆಂಡು ಬಾಲದ ನಕ್ಷತ್ರ.

ಇಡೀ ಹಾಲ್‌ನಲ್ಲಿ ಶಾರ್ಪಾಗಿ ಬಂದವರು ಒಬ್ಬರೇ. ನೆಟ್ ಕಂಬದ ಪಕ್ಕ ಎತ್ತರದ ಕುರ್ಚಿಯಲ್ಲಿ ಅಲ್ಲಾಡದೆ ಕೂತ ನಮ್ಮ ಅಂಪೈರ್ ಸಾಹೇಬರು. ಸೀಟಿ ಬಾಯಲ್ಲಿ, ಹುಬ್ಬು ಗಂಟು. ಎಷ್ಟು ಚೆನ್ನಾಗಿದ್ದಾರೆ ಅಂದರೆ... ಬಿಡಿ. ನನ್ನ ತಲೆಬಿಸಿ ಅದಲ್ಲ.

ಮುಖಚಿತ್ರವೂ ಆಗಲಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬನನ್ನು ನಿಲ್ಲಿಸಿ, ಹಿನ್ನೆಲೆ ಮಸುಕಾಗಲಿ ಅಂತ ಲೆನ್ಸನ್ನು 300ಕ್ಕೆ ಎಳೆದು, ಹಿಂದೆ ಹಿಂದೆ ಹೋಗುತ್ತಾ ಹೋಗುತ್ತಾ ನಾನೇ ಕಾರಿಡಾರಿನಲ್ಲಿದ್ದೆ. ಬಾಗಿಲು ಮುಚ್ಚಿಕೊಂಡಿತು. ಒಳಗಿನವನು "ಮೇಡಂ, ಇದೀರಾ?" ಅಂತಿದ್ದಾನೆ.

ಇವರಿಗೆ ಹೇಳಿದೆ — ರೀ, ಇದು ಬಯಲಿನ ಲೆನ್ಸು, ಬಿಸಿಲಿನ ಲೆನ್ಸು. ಬದಲಾಯಿಸೋಣ.

ಮುಖ ಸಣ್ಣದಾಯಿತು. "ಹುಡುಗರಿಗೆಲ್ಲ ತೋರಿಸಿದೀನಿ ಕಣೇ..."


ಸೆಪ್ಟೆಂಬರ್ 8, ಭಾನುವಾರ

ಮೊದಲ ಜಗಳ. ಗುರುತು ಹಾಕಿಡುತ್ತೇನೆ.

ಮತ್ತೆ ಅದೇ ಅಂಗಡಿ. ಬದಲಾಯಿಸಿ ತಗೊಂಡದ್ದು 85, 1.8. ಗಿಡ್ಡ, ದುಂಡಗೆ, ಉಪ್ಪಿನ ಡಬ್ಬಿಯಷ್ಟು. ಜೂಮ್ ಇಲ್ಲ. ಬೇಕಾದರೆ ನಾನೇ ಹಿಂದೆ ಮುಂದೆ ಓಡಬೇಕು. ಆದರೆ ಮುಖಕ್ಕೆ ಸರಿಯಾದ ಅಳತೆ, ಮತ್ತು ಬೆಳಕು ಕುಡಿಯುತ್ತೆ, ಗಟಗಟ ಅಂತ! ಹಿಂದಿನ ಲೆನ್ಸಿಗೆ ಬದಲು ಇದು, ಮೇಲೆ ಒಂದಿಷ್ಟು ಉಳಿಯಿತು, ಅದಕ್ಕೆ ಅಂಗಡಿಯವನು ಒಂದು ಮೆಮೊರಿ ಕಾರ್ಡ್ ಕೊಟ್ಟ.

ಹೊರಗೆ ಬಂದು ಇವರು: "ಇಷ್ಟು ದುಡ್ಡಿಗೆ ಇಷ್ಟೇ ಇಷ್ಟಾ?"

"ತೂಕಕ್ಕೆ ತಗೊಳ್ಳೋಕೆ ಇದೇನು ಈರುಳ್ಳೀನಾ?"

"ಹಾಗಲ್ಲ. ಜನ ಏನಂತಾರೆ? ನಿನ್ನೆ ಅಷ್ಟುದ್ದದ್ದು, ಇವತ್ತು..."

"ಜನ ಫೋಟೋ ನೋಡ್ತಾರೆ ರೀ, ಲೆನ್ಸ್ ನೋಡಲ್ಲ."

"ಹುಡುಗರು ಲೆನ್ಸೇ ನೋಡೋದು."

ಬಸ್ಸಲ್ಲಿ ಪಕ್ಕಪಕ್ಕ ಕೂತು ಬೇರೆ ಬೇರೆ ಕಿಟಕಿ ನೋಡಿದೆವು. ನನ್ನ ಪಕ್ಕ ಮಾತ್ರ ಕಿಟಕಿ ಇತ್ತು, ಅವರು ಡ್ರೈವರ್ ತಲೆ ನೋಡಿದರು. ಮನೆಗೆ ಬಂದಾಗ ಅತ್ತೆ "ಏನಾಯ್ತು, ಇಬ್ರ ಮುಖಾನೂ ಫೋಕಸ್ ಔಟ್ ಆಗಿದೆ?" ಅಂದರು. ಯಾರು ಕಲಿಸಿದರೋ ಅತ್ತೆಗೆ.

ಸಂಜೆ ಇವರು ಸೋಫಾದ ಆ ಕೊನೆಯಲ್ಲಿ ಕೂತಿದ್ದರು, ಸಾಕ್ಸ್ ಮಡಚುತ್ತಾ. ಕಿಟಕಿಯಿಂದ ಒಂದು ಪಟ್ಟಿ ಬೆಳಕು ಕೆನ್ನೆ ಮೇಲೆ. ಒಂದು ಕ್ಲಿಕ್. ಹಿಂದಿನ ಗೋಡೆ, ಕ್ಯಾಲೆಂಡರು, ಬಟ್ಟೆ ಗುಡ್ಡೆ ಎಲ್ಲಾ ಬೆಣ್ಣೆ ಹಾಗೆ ಕರಗಿ, ಮುಖ ಮಾತ್ರ. ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ಇದು ನಾನಾ?"

ಜಗಳ ಮುಗಿಯಿತು.


ಸೆಪ್ಟೆಂಬರ್ 12, ಗುರುವಾರ

ದಿನಾ ಅಭ್ಯಾಸ. ಹಲ್ಲುಜ್ಜುವಾಗ ಇವರು, ಶೂ ಲೇಸ್ ಕಟ್ಟುವಾಗ ಇವರು, ಆಕಳಿಸುವಾಗ ಇವರು. ಈ ಲೆನ್ಸಲ್ಲಿ ಕಣ್ಣಿಗೆ ಫೋಕಸ್ ಇಟ್ಟರೆ ಕಿವಿಯೇ ಮಸುಕು, ಅಷ್ಟು ತೆಳು. ಆದರೂ ಈಗ ಇವರ ರೆಪ್ಪೆಯನ್ನು ನಾನು ನಿದ್ದೆಗಣ್ಣಲ್ಲೂ ಹಿಡಿಯಬಲ್ಲೆ. ಐ ಆಮ್ ರೆಡಿ!


ಸೆಪ್ಟೆಂಬರ್ 16, ಸೋಮವಾರ

ನಿನ್ನೆ ಸೆಮಿಫೈನಲ್. ನಿನ್ನೆ ಏನೂ ಬರೆಯಲಿಲ್ಲ, ಕುಣಿಯುತ್ತಿದ್ದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲಾ ಚೆಂದವೇ ಕಾಣುತ್ತೆ.

ಬೆಳಿಗ್ಗೆ ಲ್ಯಾಪ್‌ಟಾಪಿಗೆ ಹಾಕಿದೆ. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಒಂದು, ಎರಡು, ಹತ್ತು, ಐವತ್ತು...

"ಅಲ್ವೇ, ಎಲ್ಲಾದ್ರಲ್ಲೂ ನನ್ನ ಮಗನೇ ಇದಾನಲ್ಲ?"

ಮುಂದೆ ಆಟಗಾರ ಗಾಳಿಯಲ್ಲಿ. ಕೈ ಎತ್ತಿ, ಮೈ ಬಿಲ್ಲಾಗಿ. ಮಸುಕು. ಹಿಂದೆ, ಕುರ್ಚಿ ಮೇಲೆ, ಸೀಟಿಯ ಹೊಳಪು ಸಮೇತ, ಕಾಲರ್ ಹೊಲಿಗೆ ಸಮೇತ, ಇವರು. ಮುಂದಿನದ್ದು? ಅದೇ. ಅದರ ಮುಂದಿನದ್ದು? ಸ್ಕೋರ್ ಮುಖ್ಯವಾದಷ್ಟೂ ಇವರ ರೆಪ್ಪೆ ಇನ್ನೂ ಶಾರ್ಪು!

ಲೆನ್ಸಿನದೇ ದೋಷ ಅಂದುಕೊಂಡೆ. ಫೋಕಸ್ ಹಿಂದೆ ಜಾರುತ್ತಿರಬೇಕು. ಮೇಜಿನ ಮೇಲೆ ಅಳತೆಪಟ್ಟಿ ಓರೆಯಾಗಿ ಇಟ್ಟು ಪರೀಕ್ಷೆ ಮಾಡಿದೆ. ಕರಾರುವಾಕ್ಕು. ಮತ್ತೆ ಮಾಡಿದೆ. ಮತ್ತೆ ಕರಾರುವಾಕ್ಕು. ಪಾಪದ ಲೆನ್ಸ್ ನಾನು ಹೇಳಿದ ಕಡೆಗೇ ನೋಡಿದೆ.

ನಾನೇ. ಕೋರ್ಟಿನ ಆ ಬದಿ, ಇವರಿಗೆ ಸರಿಯಾಗಿ ಎದುರು ಕೂತವಳು ನಾನೇ. ಪ್ರತಿ ಸಲ ಫೋಕಸ್ ಚುಕ್ಕೆಯನ್ನು ಒಯ್ದು ಎಲ್ಲಿಟ್ಟೆನೋ ಅಲ್ಲಿ ಇಟ್ಟವಳು ನಾನೇ. ವಾರವಿಡೀ ಒಂದೇ ಮುಖ ತೆಗೆದು ಬೆರಳಿಗೆ ಅದೇ ದಾರಿ ರೂಢಿಯಾಗಿದೆ. ಥೂ! ಥೂ ಥೂ!

ಇವರು ಬಂದು ನೋಡಿ ಮುಖ ಅರಳಿಸಿದರು. "ನಾನು ಅಷ್ಟು ಸೀರಿಯಸ್ಸಾಗಿ ಕಾಣ್ತೀನಾ? ಇದೊಂದು ನನಗೆ ಕಳ್ಸು, ಪ್ರೊಫೈಲ್‌ಗೆ."

ದಿಂಬು ಎಸೆದೆ. ಗುರಿ ಮಾತ್ರ ತಪ್ಪಲಿಲ್ಲ.


ಸೆಪ್ಟೆಂಬರ್ 17, ಮಂಗಳವಾರ

ಸೆಕ್ರೆಟರಿ ಆಫೀಸು. ಕಪ್‌ಗಳ ಸಾಲು, ಸುಣ್ಣದ ವಾಸನೆ. ಪರದೆಯನ್ನು ಮೂಗಿನ ಹತ್ತಿರ ತಂದು ನೋಡಿದರು.

"ಚೆನ್ನಾಗಿದೆ. ಆಡಿದವರು ಎಲ್ಲಿ?"

"ಇದ್ದಾರೆ ಸಾರ್, ಮುಂದೆ... ಸ್ವಲ್ಪ..."

"ಇದು ಕ್ಲಬ್ ಗೋಡೆಗಮ್ಮಾ. ನಿಮ್ಮ ಮನೆ ಗೋಡೆಗಲ್ಲ."

ಕ್ಲರ್ಕ್ ಕೆಮ್ಮಿದ. ಅದು ಕೆಮ್ಮಲ್ಲ.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಫೈನಲ್‌ಗೆ ಬೇರೆಯವರನ್ನು ಕರೆಸುತ್ತೇನೆ ಅಂದರು. ಜೊತೆಗೆ ಬಂದಿದ್ದ ಇವರು ನಡುವೆ ಬಾಯಿ ಹಾಕಲು ಹೋದರು, "ಸಾರ್, ನನಗೋಸ್ಕರ —"

"ನಿಮಗೋಸ್ಕರ ಬೇಡ" ಅಂದೆ. ಇಬ್ಬರಿಗೂ ಅಂದೆ. "ಸಾರ್, ಫೈನಲ್ ಒಂದು ಕೊಡಿ. ಕೆಟ್ಟರೆ ಆಮೇಲೆ ನಾನು ಕ್ಯಾಮೆರಾ ಹಿಡ್ಕೊಂಡು ಈ ಗೇಟೊಳಗೆ ಬರಲ್ಲ."

ಮ್ಯಾಚಿಗೆ ಮೊದಲು ತೆಗೆದಿದ್ದ ಆಟಗಾರರ ಮುಖಚಿತ್ರಗಳನ್ನು ಸೆಕ್ರೆಟರಿ ಇನ್ನೊಮ್ಮೆ ನೋಡಿದರು. ಅವು ಚೆನ್ನಾಗಿದ್ದವು, ಅದು ಅವರಿಗೂ ಗೊತ್ತಿತ್ತು. "ಒಂದು" ಅಂತ ಬೆರಳೆತ್ತಿದರು.


ಸೆಪ್ಟೆಂಬರ್ 19, ಗುರುವಾರ

ಎಲ್ಲಿ ಕೂರಬೇಕು ಗೊತ್ತಾಯಿತು. ಇವರ ಕುರ್ಚಿಯ ಬುಡದಲ್ಲೇ. ಇಡೀ ಹಾಲ್‌ನಲ್ಲಿ ಇವರು ಕಾಣದ ಜಾಗ ಅದೊಂದೇ!

"ಆಗಲ್ಲ" ಅಂದರು. "ಕಂಬದ ಹತ್ರ ಯಾರೂ ಕೂರೋ ಹಾಗಿಲ್ಲ. ಆಟಗಾರ ಬಿದ್ದರೆ?"

"ನಾನು ಯಾರೂ ಅಲ್ಲ."

"ಹೆಂಡ್ತಿ ಆದ್ರೂ ಅಷ್ಟೇ, ರೂಲ್ ರೂಲೇ."

ಈ ಮನುಷ್ಯನನ್ನು ಏನು ಮಾಡಲಿ? ಸಿಟ್ಟಿಗೆ ಹಲ್ಲು ಕಡಿಯುತ್ತಾ, ಅದೇ ಹೊತ್ತಿಗೆ, ರೂಲ್ ರೂಲೇ ಅಂದಾಗಿನ ಆ ಗದ್ದ ನೋಡಿ... ಛೇ.

ಕೊನೆಗೆ ಅವರೇ ಕೋರ್ಟಿನ ಚಿತ್ರ ಬರೆದು ತೋರಿಸಿದರು. ತಮ್ಮ ಕುರ್ಚಿ ಇರುವ ಬದಿಯಲ್ಲೇ, ಹಿಂದಿನ ಗೆರೆಯ ಆಚೆ, ಮೂಲೆ. ಅಲ್ಲಿ ಕೂರಬಹುದು. ಅಲ್ಲಿಂದ ನೆಟ್ಟಿನ ಆಚೆಯವರ ಮುಖ ನೇರ ಕಾಣುತ್ತೆ, ಎಡಕ್ಕೆ ತಿರುಗಿದರೆ ಮಾತ್ರ ಇವರು. ಎಡಕ್ಕೆ ತಿರುಗಲ್ಲ. ಸತ್ತರೂ ತಿರುಗಲ್ಲ.


ಸೆಪ್ಟೆಂಬರ್ 22, ಭಾನುವಾರ, ಸಂಜೆ

ತಿರುಗಲಿಲ್ಲ!

ಇವರಿಗೂ ಇದು ಮೊದಲ ಫೈನಲ್. ಬೆಳಿಗ್ಗೆಯಿಂದ ಶರ್ಟ್ ಮೂರು ಸಲ ಬದಲಾಯಿಸಿದರು, ಮೂರೂ ಬಿಳಿ. ಹಾಲ್ ತುಂಬಿ ಕಿಟಕಿಗಳಲ್ಲೂ ತಲೆ. ನಾನು ನನ್ನ ಮೂಲೆಯಲ್ಲಿ, ಮಂಡಿಯೂರಿ. ಆಟ ಶುರುವಾದಾಗ ಅವರ ಸೀಟಿ ಕೇಳಿ ಬೆರಳು ತಾನಾಗಿ ಎಡಕ್ಕೆ ಜಗ್ಗಿತು. ತಡೆದೆ. ಆಮೇಲೆ ಮರೆತೇಹೋಯಿತು. ನಿಜವಾಗಿ. ಕಡೇ ಸೆಟ್ಟಿನಲ್ಲಿ ನನಗೆ ಮದುವೆಯಾಗಿದೆ ಅನ್ನುವುದೇ ನೆನಪಿರಲಿಲ್ಲ.

ಕಡೇ ಪಾಯಿಂಟು. ನೆಟ್ಟಿನ ಈಚೆ, ನನ್ನ ಬದಿಗಿದ್ದ ತಂಡದವನು ಎಗರಿ ಹೊಡೆದ. ಎದುರು ನೆಟ್ ಮೇಲೆ ತಡೆಯಲು ಎದ್ದ ನಾಲ್ಕು ಕೈ. ಚೆಂಡು ಅವನ್ನು ದಾಟಿ ಗೆರೆಯಾಚೆ ಬಿತ್ತು. ಹೊಡೆದವರು "ಕೈಗೆ ತಾಗಿತು" ಅಂತ ಕೂಗಿದರು — ತಾಗಿ ಹೊರಗೆ ಹೋದರೆ ಪಾಯಿಂಟು ಅವರದು, ಆಟ ಇನ್ನೂ ಮುಗಿಯಲ್ಲ. ಇವರು ಕೈ ಎತ್ತಿ ಸನ್ನೆ ಮಾಡಿದರು. ತಾಗಿಲ್ಲ. ಔಟ್. ತಡೆದವರು ಗೆದ್ದರು. ಒಂದು ಪಕ್ಕ ಕುಣಿತ, ಇನ್ನೊಂದು ಪಕ್ಕ ನೆಲಕ್ಕೆ ಕೂತವರು.

ಈಗ ಪರದೆಯ ಮೇಲೆ ಅದೇ ಕ್ಷಣ ಇದೆ.

ನನ್ನ ಜೀವನದಲ್ಲಿ ಇಂಥ ಫೋಟೋ ತೆಗೆದಿಲ್ಲ. ನಾಲ್ಕು ಕೈ, ಹಿಂದೆ ಎರಡು ಮುಖ, ಒಬ್ಬನ ಹಣೆಯಿಂದ ಬೆವರಿನ ಹನಿ ಬಿಡಿಸಿಕೊಂಡು ಗಾಳಿಯಲ್ಲಿ ನಿಂತಿದೆ. ಹಿನ್ನೆಲೆಯ ಜನ ಬಣ್ಣವಾಗಿ ಕರಗಿದ್ದಾರೆ. ಚೆಂಡಿನ ಹೊಲಿಗೆ ಎಣಿಸಬಹುದು. ಮತ್ತು ಚೆಂಡಿನ ಅಂಚಿಗೆ ಸಿಕ್ಕಿ ಒಂದು ಕಿರುಬೆರಳು ಹಿಂದಕ್ಕೆ ಬಾಗಿದೆ.

ಬಾಗಿದೆ. ದೊಡ್ಡದು ಮಾಡಿ ನೋಡಿದೆ. ಹಿಂದಿನ ಫ್ರೇಮಿನಲ್ಲಿ ನೆಟ್ಟಗಿದೆ. ಮುಂದಿನದ್ದರಲ್ಲೂ ನೆಟ್ಟಗಿದೆ.

ಅತ್ತೆ ಬಗ್ಗಿ ನೋಡಿ ಬೆನ್ನು ತಟ್ಟಿದರು. "ಇದು ಫೋಟೋ! ನನ್ನ ಮಗನ ಸುಳಿವೇ ಇಲ್ಲ."


ಅದೇ ದಿನ, ಊಟ ಆದಮೇಲೆ

ತೋರಿಸಿದೆ. ಬಚ್ಚಿಡೋಕೆ ನನಗೆ ಬರಲ್ಲ.

ಇವರು ಕುರ್ಚಿ ಎಳೆದುಕೊಂಡು ಕೂತರು. ತಾವೇ ದೊಡ್ಡದು ಮಾಡಿದರು. ಬೆರಳಿನ ತನಕ ಹೋದರು, ನಿಂತರು. ಹಿಂದಿನ ಫ್ರೇಮ್. ಮುಂದಿನ ಫ್ರೇಮ್. ಮತ್ತೆ ಅದೇ.

"ಲೆನ್ಸ್ ಬದಲಾಯಿಸೋಕೆ ಇನ್ನೂ ಟೈಮ್ ಇದೆಯಾ?" ಅಂದರು.

ಇಬ್ಬರೂ ನಕ್ಕೆವು. ಮೊದಲು ನಿಲ್ಲಿಸಿದ್ದು ಅವರು.

ಫಲಿತಾಂಶ ಬದಲಾಗಲ್ಲ. ಆದರೆ ಇದು ಕ್ಲಬ್ ಗೋಡೆ ಮೇಲೆ ಹೋದರೆ, ಬರುವವರೆಲ್ಲ ಆ ಬೆರಳು ನೋಡುತ್ತಾರೆ. ಇವರು ಇನ್ನು ಪ್ರತಿ ಭಾನುವಾರ ಅದೇ ಗೋಡೆ ಮುಂದೆ ಹಾದು ಕುರ್ಚಿ ಹತ್ತಬೇಕು. ಇದಿಲ್ಲದೆ ಕೊಟ್ಟರೆ ಉಳಿದವು ಚೆನ್ನಾಗಿವೆ. ಚೆನ್ನಾಗಿವೆ ಅಷ್ಟೇ. ಇಂಥದ್ದು ಇನ್ನೊಂದಿಲ್ಲ.

"ಏನ್ ಮಾಡ್ಲಿ ರೀ?"

"ನಿನ್ನ ಫೋಟೋ. ನೀನೇ ನೋಡು."

"ಬೇಡ ಅಂತಾದ್ರೂ ಅನ್ನಿ."

"ನಾನ್ಯಾಕೆ ಬೇಡ ಅನ್ಲಿ?"

"ಹಾಗಾದ್ರೆ ಕೊಡು ಅನ್ನಿ."

"ಅದನ್ನೂ ನಾನೇ ಅನ್ಬೇಕಾ?" ಅಂದು ಶರ್ಟ್ ನೆನೆಹಾಕಲು ಹೋದರು. ಬೇಡ ಅಂದಿದ್ದರೆ ಕಾದಾಡಬಹುದಿತ್ತು. ಕೊಡು ಅಂದಿದ್ದರೆ ತಬ್ಬಿಕೊಳ್ಳಬಹುದಿತ್ತು. ಹೀಗೆ ನ್ಯಾಯವಾಗಿ ಮಾತಾಡಿ ಎದ್ದುಹೋದರೆ ನಾನು ಯಾರ ಜೊತೆ ಜಗಳ ಆಡಲಿ? ಈ ಡೈರಿ ಜೊತೆಗಾ? ಸಿಟ್ಟು, ಸಿಟ್ಟು, ಸಿಟ್ಟು! ಅವರ ಮೇಲೆ, ಆ ಕಿರುಬೆರಳಿನ ಮೇಲೆ, ಇಷ್ಟು ಚೆನ್ನಾಗಿ ತೆಗೆದ ನನ್ನ ಮೇಲೆ.

ಬಚ್ಚಲಲ್ಲಿ ನಲ್ಲಿ ನಿಂತಿಲ್ಲ. ಒಂದು ಶರ್ಟಿಗೆ ಎಷ್ಟು ನೀರು ಬೇಕು?


ಸೆಪ್ಟೆಂಬರ್ 23, ಸೋಮವಾರ, ಬೆಳಿಗ್ಗೆ

ಕಳಿಸಿದೆ. ಎಲ್ಲಾ. ಅದನ್ನು ಮೊದಲನೆಯದಾಗಿ.

ಇವರು ಚಹಾ ಮಾಡುತ್ತಿದ್ದರು. ಬೆನ್ನಿಗೇ ಹೇಳಿದೆ. "ಹೂಂ" ಅಂದರು. ಸಕ್ಕರೆ ಎರಡು ಸಲ ಹಾಕಿದರು. ನನ್ನ ಲೋಟ ಮೇಜಿನ ಮೇಲೆ ಇಟ್ಟರು, ನನ್ನ ಪಕ್ಕ ಕೂರಲಿಲ್ಲ.

ತಪ್ಪು ಮಾಡಿದೆನಾ? ಇಲ್ಲ. ಮಾಡಿದೆನಾ?

ಫೋನ್. ನನ್ನದಲ್ಲ, ಇವರದು. ಸೆಕ್ರೆಟರಿ. ಫೋಟೋ ತೆಗೆದವಳು ನಾನು, ಫೋನ್ ಇವರಿಗೆ. ಇವರು ನನ್ನನ್ನೊಮ್ಮೆ ನೋಡಿ ಎತ್ತಿದರು.

"ನಮಸ್ಕಾರ ಸಾರ್... ನೋಡಿದೆ ಸಾರ್... ಹೌದು. ತಾಗಿದೆ... ನನಗೆ ಕಾಣ್ಲಿಲ್ಲ... ಇಲ್ಲ ಸಾರ್, ಅವಳಿಗೆ ಕಂಡಿದೆ..."

ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಈಗ ಮಾತು ಕೇಳಿಸುತ್ತಿಲ್ಲ. ಮುಖ ಮಾತ್ರ. ಬೆಳಕು ಒಂದು ಪಕ್ಕದಿಂದ, ಎಷ್ಟು ಚೆನ್ನಾಗಿ ಬಿದ್ದಿದೆ. ಕ್ಯಾಮೆರಾ ಕೈಗೆಟುಕುವಷ್ಟರಲ್ಲೇ ಇದೆ. ಮುಟ್ಟಲ್ಲ.

ತಲೆ ಆಡಿಸುತ್ತಿದ್ದಾರೆ. ಅತ್ತ ತಿರುಗಿದರು. ಇತ್ತ ತಿರುಗಿದರು. ಗಾಜಿನ ಆಚೆಯಿಂದ ನನಗೆ ಏನೋ ಕೈಸನ್ನೆ. ಇನ್, ಔಟ್, ಟಚ್, ಮತ್ತೆ ಆಡಿ — ಇವರ ಸನ್ನೆ ಎಲ್ಲಾ ನನಗೆ ಗೊತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ. ಒಳಗೇ ಇರು ಅಂತಲೋ, ಇಲ್ಲಿ ಬಾ ಅಂತಲೋ... ಮತ್ತೆ ಅದೇ ಸನ್ನೆ ಮಾಡುತ್ತಿದ್ದಾರೆ, ಈ ಸಲ ಫೋನನ್ನು ನನ್ನ ಕಡೆಗೆ ಚಾಚಿ. ಕರೆ ನನಗೇ! ಪೆನ್ನು ಇಟ್ಟೆ, ಎದ್ದೆ.